ನೆರಳಾಳು ಬರೆದ ವಂಶ

ಗೂಡಿನೊಳಗೆ ನಾಲ್ಕು ಲ್ಯಾಪ್‌ಟಾಪುಗಳು ಮುಪ್ಪಾಗುತ್ತಿದ್ದವು. ಗಾಜಿನ ಈಚೆ ನಿಂತವರಿಗೆ ಕಾಣುತ್ತಿದ್ದುದು ಇಷ್ಟೆ: ಒಂದೊಂದು ಕೀಲಿಮಣೆಯ ಮೇಲೂ ಬೂದುಬಣ್ಣದ ಒಂದು ಅದುರಾಟ, ಜೊತೆಗೆ ಎಡೆಬಿಡದ ಗುಂಯ್ ಎಂಬ ಸದ್ದು. ಆ ಅದುರಾಟವೆಂದರೆ ಹತ್ತು ಉಕ್ಕಿನ ಬೆರಳುಗಳು. ಕಣ್ಣಿಗೆ ನಿಲುಕದ ವೇಗದಲ್ಲಿ ಅವು ಅಕ್ಷರ ಒತ್ತುತ್ತಿದ್ದವು, ಮುಚ್ಚಳ ತೆರೆದು ಮುಚ್ಚುತ್ತಿದ್ದವು. ನಡುನಡುವೆ ಮೇಲಿನಿಂದ ಒಂದು ಹಿಡಿ ಕೆಂಪು ಧೂಳು ಬೀಳುತ್ತಿತ್ತು, ಬಿಸಿಗಾಳಿ ಬೀಸುತ್ತಿತ್ತು, ಮರುಗಳಿಗೆಯೇ ಚಳಿ. ಹೊರಗೆ ಒಂದು ಗಂಟೆ ಕಳೆಯುವಷ್ಟರಲ್ಲಿ ಒಳಗೆ ನಾಲ್ಕು ತಿಂಗಳು ಕಳೆದುಹೋಗುತ್ತಿತ್ತು.

ಇದರ ಹೆಸರು ಸವೆಗೂಡು. ಹುಬ್ಬಳ್ಳಿಯ ಬಾಳಿಕೆ ಪರೀಕ್ಷಾ ಕೇಂದ್ರದಲ್ಲಿ ಇಂಥವು ಹನ್ನೆರಡು ಇದ್ದವು. ಒಂದೂ ಖಾಲಿ ಇರುತ್ತಿರಲಿಲ್ಲ.

ಖಾಲಿ ಇರುವುದಾದರೂ ಹೇಗೆ? ಅಪರೂಪದ ಲೋಹಗಳೆಲ್ಲ ಬರಿದಾಗುತ್ತ ಬಂದ ಮೇಲೆ ಸರ್ಕಾರ ಒಂದು ಕಾಯಿದೆ ತಂದಿತ್ತು. ಒಬ್ಬರಿಗೆ ಇಪ್ಪತ್ತು ವರ್ಷಕ್ಕೆ ಒಂದೇ ಮುಖ್ಯಗಣಕ. ಲ್ಯಾಪ್‌ಟಾಪ್ ಆಗಲಿ, ಮೇಜಿನ ಮೇಲಿಡುವಂಥದಾಗಲಿ, ಒಮ್ಮೆ ಆರಿಸಿಕೊಂಡರೆ ಇಪ್ಪತ್ತು ವರ್ಷ ಅದರ ಜೊತೆಗೇ ಏಗಬೇಕು. ಹಿಂದಿನವರು ಮೂರು ಮೂರು ವರ್ಷಕ್ಕೆ ಹೊಸದು ಕೊಳ್ಳುತ್ತಿದ್ದರಂತೆ. ಬಣ್ಣ ಬೇಸರವಾಯಿತೆಂದು ಬದಲಿಸಿದ ಮಹಾನುಭಾವರೂ ಇದ್ದರಂತೆ. ಈಗ ಜನ ಲ್ಯಾಪ್‌ಟಾಪ್ ಆರಿಸುವಾಗ ಕೇಳುವಷ್ಟು ಪ್ರಶ್ನೆಗಳನ್ನು ಮಗಳಿಗೆ ಗಂಡು ನೋಡುವಾಗಲೂ ಕೇಳುತ್ತಿರಲಿಲ್ಲ. ಬಾಳಿಕೆ ಪತ್ರವಿಲ್ಲದೆ ಯಾವ ಅಂಗಡಿಯವನೂ ಯಂತ್ರ ಕೊಡುವಂತಿರಲಿಲ್ಲ, ಮತ್ತು ಆ ಪತ್ರ ಸಿಗುತ್ತಿದ್ದುದು ಸವೆಗೂಡಿನಿಂದ ಮಾತ್ರ.

ಸವೆಗೂಡಿನ ಜಾಣತನ ಬೆರಳುಗಳಲ್ಲಿರಲಿಲ್ಲ, ಬೆರಳಾಡಿಸುವವನಲ್ಲಿತ್ತು. ಅವನಿಗೆ ನೆರಳಾಳು ಎಂದು ಹೆಸರು. ಸುಮ್ಮನೆ ಅಕ್ಷರ ಕುಟ್ಟಿದರೆ ಯಂತ್ರ ಸವೆಯುತ್ತದೆ ನಿಜ, ಆದರೆ ನಿಮ್ಮ ಕೈಯಲ್ಲಿ ಸವೆಯುವ ಹಾಗೆ ಸವೆಯುವುದಿಲ್ಲ. ಆದ್ದರಿಂದ ಗಿರಾಕಿಯ ಹಳೆಯ ಯಂತ್ರದಲ್ಲಿರುವ ಕೀಲಿನೆನಪನ್ನು, ಎಂದರೆ ಅವನು ವರ್ಷಾನುಗಟ್ಟಲೆ ಯಾವ ಗುಂಡಿಯನ್ನು ಯಾವಾಗ ಎಷ್ಟು ಜೋರಾಗಿ ಒತ್ತಿದ ಎಂಬ ದಾಖಲೆಯನ್ನು ತೆಗೆದುಕೊಂಡು, ಅದರಿಂದ ಅವನದೇ ಒಂದು ನೆರಳನ್ನು ಕಟ್ಟುತ್ತಿದ್ದರು. ಆ ನೆರಳು ಅವನು ಬರೆಯುವಂಥದನ್ನೇ ಬರೆಯುತ್ತ, ಅವನಂತೆಯೇ ತಡವರಿಸುತ್ತ, ಮೂರು ದಿನಗಳಲ್ಲಿ ಅವನ ಮುಂದಿನ ಇಪ್ಪತ್ತು ವರ್ಷ ಮುಗಿಸುತ್ತಿತ್ತು. ಬರೆದದ್ದನ್ನು ಯಾರೂ ಓದುತ್ತಿರಲಿಲ್ಲ. ಪರೀಕ್ಷೆ ಮುಗಿದ ಕೂಡಲೇ ಎಲ್ಲವನ್ನೂ ಅಳಿಸಿಬಿಡುವುದು ನಿಯಮ.

ಆ ವಾರ ನಾಲ್ಕನೆಯ ಗೂಡಿನಲ್ಲಿದ್ದುದು ಭರಮಪ್ಪ ಹೆಳವರ ನೆರಳು.

ಭರಮಪ್ಪನಿಗೆ ಐವತ್ನಾಲ್ಕು ವರ್ಷ. ವಂಶ ಹೇಳುವುದು ಅವನ ಮನೆತನದ ಕೆಲಸ. ನಾಲ್ಕು ವರ್ಷಕ್ಕೊಮ್ಮೆ ಒಕ್ಕಲ ಮನೆಗಳಿಗೆ ಹೋಗಿ, ಕಟ್ಟೆಯ ಮೇಲೆ ಕೂತು, ಮನೆಮಂದಿಯೆಲ್ಲ ಕೇಳುವ ಹಾಗೆ ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಓದಬೇಕು. ಆಮೇಲೆ ‘ಯಾರು ಬಂದರು, ಯಾರು ಹೋದರು’ ಎಂದು ಕೇಳಿ ಹೊಸ ಹೆಸರು ಸೇರಿಸಬೇಕು. ಅವನ ಮುತ್ತಜ್ಜ ಎತ್ತಿನ ಮೇಲೆ ಹೋಗುತ್ತಿದ್ದ. ಇವನು ಬ್ಯಾಟರಿ ಸ್ಕೂಟರಿನ ಮೇಲೆ ಹೋಗುತ್ತಿದ್ದ. ಹೊತ್ತಿಗೆಯ ಜಾಗದಲ್ಲಿ ಲ್ಯಾಪ್‌ಟಾಪ್ ಬಂದಿತ್ತು. ಮನೆತನದ ಕಟ್ಟಳೆ ಮಾತ್ರ ಬದಲಾಗಿರಲಿಲ್ಲ: ಮನೆಯ ಹಿರಿಯರು ಕಟ್ಟೆಯ ಮೇಲೆ ಹೇಳಿದ್ದನ್ನು ಬರೆಯಬೇಕು, ಬರೆದದ್ದನ್ನು ಬಾಯಿಬಿಟ್ಟು ಓದಬೇಕು, ಓದಿದ್ದನ್ನು ಹೊಡೆದುಹಾಕಬಾರದು.

ಅವನ ಹಳೆಯ ಯಂತ್ರ ಕೊನೆಯುಸಿರೆಳೆಯುತ್ತಿತ್ತು. ಪರದೆಯ ಎಡಗಡೆ ಅರ್ಧ ಕಪ್ಪಾಗಿತ್ತು. ನಾಲ್ಕು ಸಾವಿರ ಮನೆಗಳ ವಂಶ ಅದರೊಳಗಿತ್ತು, ನಕಲು ಪ್ರತಿ ಎಂದು ಇದ್ದ ಒಂದೇ ಒಂದು ಡಿಸ್ಕನ್ನೂ ಅವನು ನಂಬುತ್ತಿರಲಿಲ್ಲ. ಬಿಸಿಲಲ್ಲಿ ಅಕ್ಷರ ಕಾಣಬೇಕು, ತೊಡೆ ಸುಡಬಾರದು, ದಿನಕ್ಕೆ ಇಪ್ಪತ್ತು ಸಲ ತೆರೆದರೂ ಕೀಲು ಸಡಿಲಾಗಬಾರದು ಎಂದೆಲ್ಲ ಹೇಳಿ ನಾಲ್ಕು ಮಾದರಿಗಳನ್ನು ಪರೀಕ್ಷೆಗೆ ಕೊಟ್ಟಿದ್ದ. ಒಂದು ಹಪ್ಪಳದಷ್ಟು ತೆಳು, ಒಂದು ಮಡಚುವಂಥದು, ಒಂದು ಗಾಜಿನ ಕೀಲಿಮಣೆಯದು. ನಾಲ್ಕನೆಯದು ದಪ್ಪಗೆ, ಭಾರವಾಗಿ, ಅಂಗಡಿಯ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಕೂತಿತ್ತು. ಅವನ ಕಣ್ಣು ಮೊದಲಿನಿಂದಲೂ ಅದರ ಮೇಲೇ ಇತ್ತು.

ಮೂರನೆಯ ದಿನ ಮಧ್ಯಾಹ್ನ ಕೇಂದ್ರದ ಮುಖ್ಯಸ್ಥೆ ಡಾ. ಕುಮುದಾ ಬೆಣಕಲ್ಲ ಅವನನ್ನು ಕರೆಸಿದಳು.

"ಭರಮಪ್ಪನವರ, ನಾಲ್ಕೂ ಫೇಲ್ ಆಗ್ಯಾವು," ಎಂದಳು.

"ಆ ದಪ್ಪಂದೂ ಏನ್ರೀ ಅಕ್ಕಾರ?"

"ಅದೂ. ಬ್ಯಾಟರಿ ಛಲೋ ಐತಿ, ಕೀಲು ಛಲೋ ಐತಿ, ಪರದೆಗೆ ಏನೂ ಆಗಿಲ್ಲ. ಆದರ ನಾಲ್ಕರಾಗೂ ಅವೇ ಐದಾರು ಗುಂಡಿ ತೂತು ಬೀಳೂ ಹಂಗ ಸವದಾವು. ಹನ್ನೆರಡು ವರ್ಷದಾಗ ನಾ ಇಂಥಾದ್ದು ನೋಡಿಲ್ಲ." ಅವಳು ಸ್ವಲ್ಪ ಹಿಂಜರಿದಳು. "ನೆರಳಾಳು ಬರೆದಿದ್ದು ನಾವು ಓದಬಾರದು. ಆದರ ಕಾರಣ ತಿಳೀಲಿಲ್ಲ ಅಂದ್ರ ಓದಾಕ ನನಗ ಅಧಿಕಾರ ಐತಿ, ಓದಿದೆ. ತಂಗೆವ್ವ ಅಂದ್ರ ಯಾರ್ರೀ?"

ಭರಮಪ್ಪ ಕುರ್ಚಿಯ ಕೈ ಹಿಡಿದುಕೊಂಡ.

"ಆ ಹೆಸರು ನನ್ನ ಹೊತ್ತಿಗಿಯೊಳಗ ಇಲ್ಲರಿ," ಎಂದ.

"ಇಲ್ಲ ಅನ್ನೋದು ನನಗೂ ಗೊತ್ತು. ನಾಲ್ಕು ಸಾವಿರ ಮನಿ ಹುಡುಕಿಸಿದೆ. ಮತ್ತ ನೆರಳಿಗೆ ಹೆಂಗ ಗೊತ್ತಾತು?"

"ನಾ ಒಮ್ಮೆನೂ ಬರದಿಲ್ಲರಿ. ದೇವರಾಣಿ."

ಡಾ. ಕುಮುದಾ ವಾದ ಮಾಡಲಿಲ್ಲ. ಅವನ ಹಳೆಯ ಲ್ಯಾಪ್‌ಟಾಪನ್ನು ತಂದು ಮೇಜಿನ ಮೇಲಿಟ್ಟಳು. "ದಿನಾ ಕೆಲಸ ಶುರು ಮಾಡ್ತೀರಲ್ಲ, ಹಂಗ ತಗೀರಿ. ಯಾವುದರೆ ಒಂದು ಮನಿ ಪುಟ ತಗದು ಏನಾರ ಬರೀರಿ. ನನ್ನ ಕಡೆ ನೋಡಬ್ಯಾಡ್ರಿ," ಎಂದಳು.

ಅವನು ಮುಚ್ಚಳ ತೆರೆದ. ಅಂಗೈ ಒರೆಸಿಕೊಂಡ. ಪುಟ ತೆರೆಯಲು ಕಾಯುತ್ತಿರುವಾಗ ಅವನ ಬೆರಳುಗಳು ತಾವಾಗಿಯೇ ಗುಂಡಿಗಳ ಮೇಲೆ ಓಡಿದವು. ಪರದೆಯ ಮೇಲೆ ‘ತಂಗೆವ್ವ’ ಎಂಬ ಹೆಸರು ಮೂಡಿತು. ಬಲಗೈ ಕಿರುಬೆರಳು ಟಕಟಕನೆ ಅದನ್ನು ಅಳಿಸಿತು. ಆಮೇಲೆ ಅವನು ಯಾವುದೋ ಮನೆಯ ಹೆಸರನ್ನು ಬರೆಯತೊಡಗಿದ. ತಾನು ಏನು ಮಾಡಿದೆನೆಂದು ಅವನಿಗೆ ಗೊತ್ತೇ ಆಗಿರಲಿಲ್ಲ.

"ಈಗೇನ್ ಬರದ್ರಿ?"

"ನವಲಿಯವರ ಮನಿ ಪುಟ."

"ಅದಕ್ಕೂ ಮೊದಲ?"

ಅವಳು ಕೀಲಿನೆನಪನ್ನು ಹಿಂದಕ್ಕೆ ಓಡಿಸಿ ತೋರಿಸಿದಳು. ಯಂತ್ರದಿಂದ ಯಂತ್ರಕ್ಕೆ ದಾಟಿ ಬಂದ ಮೂವತ್ತೆರಡು ವರ್ಷಗಳ ದಾಖಲೆ ಅಲ್ಲಿತ್ತು. ದಿನವೂ, ಕೆಲವು ದಿನ ಹತ್ತಾರು ಸಲ, ಒಂದು ಹೆಸರು ಹುಟ್ಟಿ ಅಳಿದಿತ್ತು. ತನ್ನ ಎರಡು ಕೈಗಳನ್ನು ಭರಮಪ್ಪ ಬೇರೆ ಯಾರದೋ ಎನ್ನುವಂತೆ ತೊಡೆಯ ಮೇಲಿಟ್ಟುಕೊಂಡು ನೋಡಿದ.

ಮನುಷ್ಯ ಬಾಯಿ ಕಟ್ಟಿಕೊಳ್ಳಬಲ್ಲ, ಬೆರಳು ಕಟ್ಟಿಕೊಳ್ಳುವುದು ಕಷ್ಟ. ಆ ಮಧ್ಯಾಹ್ನ ಅವನು ಹೇಳಿಕೊಂಡದ್ದು ಇಷ್ಟು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಅಪ್ಪನಿಲ್ಲದೆ ಮೊದಲ ಸಲ ಒಬ್ಬನೇ ಸಂಚಾರ ಹೊರಟಿದ್ದ. ಅಪ್ಪನ ಹೊತ್ತಿಗೆಗಳನ್ನೆಲ್ಲ ಲ್ಯಾಪ್‌ಟಾಪಿಗೆ ಏರಿಸಿದ್ದ, ಆ ಭಾಗದಲ್ಲಿ ಹಾಗೆ ಮಾಡಿದವರಲ್ಲಿ ತಾನೇ ಮೊದಲಿಗನೆಂಬ ಹಮ್ಮು ಬೇರೆ. ಹೊಸಮರಡಿಯ ಗೌಡರ ಮನೆಯಲ್ಲಿ ಐದು ಮಕ್ಕಳು. ಕೊನೆಯ ಹುಡುಗಿಯ ಹೆಸರನ್ನು ಅಪ್ಪ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ. ಇವನ ಕಣ್ಣಿಗೆ ಅದು ತಪ್ಪಿಹೋಗಿತ್ತು. ಕಟ್ಟೆಯ ಮೇಲೆ ನಾಲ್ಕು ಹೆಸರು ಓದಿ ನಿಲ್ಲಿಸಿದಾಗ, ಅವ್ವನ ಸೆರಗು ಹಿಡಿದು ನಿಂತಿದ್ದ ಏಳು ವರ್ಷದ ತಂಗೆವ್ವ "ನನ್ನ ಹೆಸರು?" ಎಂದು ಕೇಳಿದಳು.

"ತಪ್ಪಾತು ಅಂದಿದ್ರ ಮುಗೀತಿತ್ತು," ಎಂದ ಭರಮಪ್ಪ. "ಅಷ್ಟು ಮಂದಿ ಮುಂದ ಹೊಸಾ ಡಬ್ಬಿ ತಪ್ಪು ಮಾಡೈತಿ ಅನ್ನಾಕ ಮಾನ ಹೋದಂಗಾತ್ರಿ. ನಗಚಾಟಿಗೆ ಅಂದೆ: ‘ಇದರಾಗ ಇಲ್ಲ ಅಂದ್ರ ನೀನೂ ಇಲ್ಲವ್ವಾ’ ಅಂತ. ಎಲ್ಲಾರೂ ನಕ್ಕರು. ಆ ಹುಡುಗಿನೂ ನಕ್ಕಿತು. ಹದಿಮೂರು ದಿನಕ್ಕ ಜ್ವರ ಬಂದು ಹೋಗಿಬಿಡ್ತರಿ."

ಅದಾದ ಮೇಲೆ ಹೊಸಮರಡಿಗೆ ಏಳು ಸಲ ಹೋಗಿದ್ದ. ಏಳು ಸಲವೂ ನಾಲ್ಕೇ ಹೆಸರು ಓದಿದ್ದ. ಬರೆದರೆ ಓದಬೇಕು, ಓದಿದರೆ ಹುಟ್ಟಿದ ತಾರೀಖಿನ ಜೊತೆಗೆ ಹೋದ ತಾರೀಖನ್ನೂ ಆ ತಾಯಿಯ ಎದುರು ಹೇಳಬೇಕು. ಅದು ಅವನಿಂದ ಆಗಿರಲಿಲ್ಲ. ಮುಂದಿನ ತಿಂಗಳು ಮತ್ತೆ ಹೋಗುವುದಿತ್ತು.

ಡಾ. ಕುಮುದಾ ನೀರು ಕೊಟ್ಟಳು. ವಿಜ್ಞಾನಿಗೆ ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಕೊನೆಗೆ ಅವಳು, "ನೆರಳು ಬರೇ ಹೆಸರು ಬರದು ಅಳಿಸಿಲ್ಲರಿ. ನೀವು ಮುಂದಿಂದೂ ನೋಡಬೇಕು," ಎಂದು ದಪ್ಪ ಲ್ಯಾಪ್‌ಟಾಪಿನ ಪರದೆಯನ್ನು ಅವನ ಕಡೆಗೆ ತಿರುಗಿಸಿದಳು.

ಹತ್ತು ವರ್ಷದವರೆಗೆ ನೆರಳು ಅವನಂತೆಯೇ ಬರೆದು ಅಳಿಸುತ್ತಿತ್ತು. ಹನ್ನೊಂದನೆಯ ವರ್ಷದ ಒಂದು ದಿನ ಅಳಿಸಲಿಲ್ಲ. ಹೆಸರಿನ ಮುಂದೆ ಹೋದ ತಾರೀಖನ್ನೂ ಬರೆಯಲಿಲ್ಲ. ಬದಲಿಗೆ ಬರೆದದ್ದು: ‘ಎರಿಹಾಳದ ಈಶ್ವರಗೌಡಗೆ ಕೊಟ್ಟದ್ದು. ಹಿರೇ ಮಗಳು ಗಂಗವ್ವ. ಎರಡನೇದು ಶಿದ್ದನಗೌಡ.’ ಮದುವೆಯ ವರ್ಷ, ಮಕ್ಕಳು ಹುಟ್ಟಿದ ಋತು, ಅವರಿಗೆ ತೊಟ್ಟಿಲು ಕೊಟ್ಟವರು, ಎಲ್ಲ ಇತ್ತು. ಆ ಲೆಕ್ಕಕ್ಕೆ ಗಂಗವ್ವನಿಗೆ ಈ ವರ್ಷ ಹದಿನೆಂಟು. ಅಲ್ಲಿಗೆ ನಿಂತಿತ್ತು. ಮಿಕ್ಕ ವರ್ಷಗಳಲ್ಲಿ ನೆರಳು ಆ ಎರಡು ಪುಟಗಳನ್ನೇ ಮೊದಲಿಂದ ಬರೆಯುತ್ತ, ಅಳಿಸುತ್ತ, ಮತ್ತೆ ಬರೆಯುತ್ತ, ಗುಂಡಿಗಳನ್ನು ತೂತು ಮಾಡಿತ್ತು.

"ನಾಲ್ಕರಾಗೂ ಹಿಂಗ ಐತಿ," ಎಂದಳು ಅವಳು. "ಅವೇ ಹೆಸರು. ನಾಲ್ಕೂ ನೆರಳಿಗೆ ಬ್ಯಾರೆ ಬ್ಯಾರೆ ದಾಳ ಹಾಕಿ, ಒಂದರ ದಾರಿ ಇನ್ನೊಂದು ಹಿಡೀದಂಗ ಬಿಟ್ಟಿರತೀವಿ. ಒಂದರಾಗ ಬಂದಿದ್ದು ಇನ್ನೊಂದರಾಗ ಬರಬಾರದು."

"ಮಕ್ಕಳ ಹೆಸರು ಲೆಕ್ಕಕ್ಕ ಬರ್ತಾವ್ರಿ. ಗಂಗವ್ವ ಅಂದ್ರ ತಂಗೆವ್ವನ ಅಜ್ಜಿ. ಶಿದ್ದನಗೌಡ ಅಂದ್ರ ಅಜ್ಜ. ಸತ್ತ ಹಿರಿಯರ ಹೆಸರು ಇಡೋದು ಆ ಮನಿ ಪದ್ಧತಿ. ನಾ ಬರದ್ರೂ ಹಂಗ ಬರೀತಿದ್ದೆ."

"ಈಶ್ವರಗೌಡ?"

ಭರಮಪ್ಪ ಯೋಚಿಸಿದ. ಎರಿಹಾಳ ಅವನ ಸಂಚಾರದ ಊರಲ್ಲ. ಆ ಹೆಸರಿನ ಮನೆ ಅವನಿಗೆ ಗೊತ್ತಿರಲಿಲ್ಲ. "ಇದು ತಿಳೀವಲ್ಲದು," ಎಂದ. ಪಕ್ಕದ ಗೂಡಿನಲ್ಲಿ ಇನ್ನಾರದೋ ನೆರಳು ಗುಂಯ್‌ಗುಡುತ್ತಲೇ ಇತ್ತು.

ಪತ್ರ ಕೊಡುವಂತಿರಲಿಲ್ಲ. "ಯಂತ್ರದಾಗ ದೋಷ ಇಲ್ಲ," ಎಂದಳು ಡಾ. ಕುಮುದಾ. "ಹೋಗಿ ಆ ಹೆಸರು ಒಮ್ಮೆ ಓದಿಬರ್ರಿ. ಆಮ್ಯಾಲ ಮತ್ತ ಪರೀಕ್ಷೆ ಮಾಡೂಣು." ನಂತರ ನಿಯಮದ ಪ್ರಕಾರ ಅವನ ಎದುರಿಗೇ ನಾಲ್ಕೂ ಯಂತ್ರಗಳನ್ನು ಅಳಿಸಿದಳು. ಒಂದು ಅಕ್ಷರವೂ ಉಳಿಯದಂತೆ ಎರಡೆರಡು ಸಲ ನೋಡಿದಳು. ಅವಳಿಗೆ ತಿಳಿಯದ ಒಂದು ಸಂಗತಿಯಿತ್ತು. ಭರಮಪ್ಪನ ಮನೆತನದವರು ಒಂದು ವಂಶವನ್ನು ಒಮ್ಮೆ ಓದಿದರೆ ಸಾಕು, ಅದನ್ನು ಅವರ ತಲೆಯಿಂದ ಯಾರೂ ಅಳಿಸಲಾರರು.

ಹೊಸಮರಡಿಯಲ್ಲಿ ಬಿಸಿಲು ಏರುವ ಮೊದಲೇ ಕಟ್ಟೆಗೆ ಕಂಬಳಿ ಹಾಸಿದ್ದರು. ತಂಗೆವ್ವನ ತಾಯಿ ಕಾಶವ್ವನಿಗೆ ಎಪ್ಪತ್ತರ ಹತ್ತಿರ. ಬೆನ್ನು ನೆಟ್ಟಗಿತ್ತು, ಕಣ್ಣು ನಿಚ್ಚಳವಾಗಿತ್ತು. ಹಿರಿಯ ಮಗ ಬಾಳಗೌಡ, ಸೊಸೆಯಂದಿರು, ಮೊಮ್ಮಕ್ಕಳು ಸುತ್ತ ಕೂತರು. ಭರಮಪ್ಪ ಅರ್ಧ ಕಪ್ಪಾದ ಪರದೆಯನ್ನು ತೆರೆದು ಮೂಲಪುರುಷನಿಂದ ಆರಂಭಿಸಿದ. ಕಾಶವ್ವನ ಮಕ್ಕಳ ನಾಲ್ಕನೆಯ ಹೆಸರಿಗೆ ಬಂದಾಗ ನಿಲ್ಲಿಸಲಿಲ್ಲ. "ಐದನೇದು ತಂಗೆವ್ವ," ಎಂದು ಓದಿದ. ಹುಟ್ಟಿದ ದಿನ ಓದಿದ, ಹೋದ ದಿನ ಓದಿದ. ಓದಿ, ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು ಕಾಶವ್ವನ ಕಾಲು ಹಿಡಿದ.

"ನಾ ಅಂದ ಮಾತಿಗೆ ಆ ಕೂಸು ಹೋತವ್ವಾ."

ಕಾಶವ್ವ ಅವನ ಕೈ ಬಿಡಿಸಿದಳು. ಆಮೇಲೆ ಅಂದಳು: "ಮಾತಿಗೆ ಯಾರೂ ಸಾಯಾಂಗಿಲ್ಲೋ ಭರಮಾ. ಜ್ವರಕ್ಕ ಸತ್ತಳು. ನಿನ್ನ ಮಾತು ನಾ ಅವತ್ತ ಮರತೆ. ಆದರ ನೀ ಆ ಹೆಸರು ಓದಲಿಲ್ಲಲ್ಲ, ಅದು ಮರೀಲಿಲ್ಲ. ಹೊತ್ತಿಗಿಯೊಳಗ ಇಲ್ಲ ಅಂತ ಇವರ ಅಪ್ಪನೂ ಹೆಸರು ಎತ್ತೋದು ಬಿಟ್ಟ. ಇವರೂ ಬಿಟ್ಟರು. ಈ ಹುಡುಗ್ರಿಗೆ ಅಂಥಾ ಒಬ್ಬ ಅತ್ತಿ ಇದ್ದಳು ಅನ್ನೋದೂ ಗೊತ್ತಿಲ್ಲ. ಏಳು ಸಲ ಕೂತು ಕೇಳಿದೆ, ಏಳು ಸಲಾನೂ ನಾಲ್ಕೇ ಹೆಸರು. ಕಡೀಕ ನನಗೇ ಅನುಮಾನ ಬಂತಪ್ಪಾ, ನಾ ಐದು ಹಡದೆನೋ ನಾಲ್ಕು ಹಡದೆನೋ ಅಂತ."

ಭರಮಪ್ಪನಿಗೆ ಈಗ ತಿಳಿಯಿತು. ಮೂವತ್ತೆರಡು ವರ್ಷ ತಾನು ಹೆದರಿದ್ದೇ ಒಂದು, ನಡೆದದ್ದೇ ಇನ್ನೊಂದು. ಹುಡುಗಿಯನ್ನು ಕೊಂದದ್ದು ಅವನ ಮಾತಲ್ಲ, ಆದರೆ ಸತ್ತ ಮೇಲೆ ಅವಳನ್ನು ಇಲ್ಲದಂತೆ ಮಾಡಿದ್ದು ಅವನ ಮೌನವೇ. ಆ ತಾಯಿಗೆ ಏನಾದರೂ ಕೊಡಬೇಕೆನ್ನಿಸಿತು, ಎಷ್ಟು ಕೊಟ್ಟರೂ ಸಾಲದೆನ್ನಿಸಿತು. ಆ ದುಃಖದಲ್ಲಿ ಅವನು ಮಾಡಬಾರದ್ದನ್ನು ಮಾಡಿದ. ಹುಬ್ಬಳ್ಳಿಯ ಗೂಡು, ನೆರಳಾಳು, ಅದು ಬರೆದ ಎರಡು ಪುಟ, ಎಲ್ಲವನ್ನೂ ಹೇಳಿದ.

"ಅದು ಖರೇ ಅಲ್ಲವ್ವಾ. ಬರೇ ಯಂತ್ರದ ಊಹೆ," ಎಂದ.

"ಇರಲಿ. ಓದು."

"ಅದನ್ನ ಅಳಿಸ್ಯಾರ."

"ನಿನ್ನ ತಲ್ಯಾಗ ಐತಲ್ಲ, ಓದು."

ಅವನು ಓದಿದ. ವಂಶ ಹೇಳುವ ರಾಗದಲ್ಲಿಯೇ ಓದಿದ, ಬೇರೆ ರಾಗ ಅವನಿಗೆ ಬರುತ್ತಿರಲಿಲ್ಲ. ಎರಿಹಾಳದ ಈಶ್ವರಗೌಡಗೆ ಕೊಟ್ಟದ್ದು ಎಂದಾಗ ಕಾಶವ್ವ ತಲೆಯಾಡಿಸಿದಳು. ಗಂಗವ್ವ ಎಂದಾಗ ಅವಳ ಮುಖ ಸಡಿಲಾಯಿತು. ಮೊಮ್ಮಕ್ಕಳು ಬಾಯಿ ಬಿಟ್ಟು ಕೇಳಿದರು. ಮುಗಿದ ಮೇಲೆ ಬಾಳಗೌಡ ಎದ್ದು ಹೋಗಿ ಕಣ್ಣೊರೆಸಿಕೊಂಡು ಬಂದ. ಭರಮಪ್ಪನಿಗೆ ಸಂಪ್ರದಾಯದಂತೆ ಜೋಳ ಅಳೆದು ಕೊಟ್ಟರು, ಈ ಸಲ ಐದು ಮಕ್ಕಳ ಮನೆಯ ಅಳತೆ.

ಎರಡನೆಯ ಪರೀಕ್ಷೆಯಲ್ಲಿ ಅವೇ ಮಾದರಿಗಳ ನಾಲ್ಕು ಹೊಸ ಯಂತ್ರಗಳೂ ತೇರ್ಗಡೆಯಾದವು. ನೆರಳು ಸಮಾಧಾನದಿಂದ ಇಪ್ಪತ್ತು ವರ್ಷ ಬರೆದು ಮುಗಿಸಿತು. ತಂಗೆವ್ವನ ಹೆಸರು ಅದರಲ್ಲಿ ಲೆಕ್ಕಕ್ಕೆ ಬೇಕಾದಷ್ಟು ಸಲ ಮಾತ್ರ ಬಂದಿತ್ತು. ಭರಮಪ್ಪ ದಪ್ಪ ಮಾದರಿಯನ್ನೇ ಆರಿಸಿಕೊಂಡ. ಡಾ. ಕುಮುದಾ ಪತ್ರಕ್ಕೆ ಸಹಿ ಹಾಕಿ, ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಿಂದ ಅವನನ್ನು ಬೀಳ್ಕೊಟ್ಟಳು. ಮುಂದಿನದನ್ನು ಅವಳು ಊಹಿಸುವ ಹಾಗಿರಲಿಲ್ಲ. ಅವಳ ಯಂತ್ರ ಬರೆಯುವವನ ಇಪ್ಪತ್ತು ವರ್ಷ ಹೇಳುತ್ತಿತ್ತೇ ಹೊರತು ಕೇಳುವವರದನ್ನಲ್ಲ.

ನಾಲ್ಕು ವರ್ಷದ ಮೇಲೆ ಭರಮಪ್ಪ ಹೊಸಮರಡಿಯ ಕಟ್ಟೆಯ ಮೇಲೆ ಕೂತಿದ್ದ. ಬಿಸಿಲಲ್ಲೂ ಅಕ್ಷರ ಸ್ಪಷ್ಟವಾಗಿತ್ತು, ತೊಡೆ ಸುಡುತ್ತಿರಲಿಲ್ಲ. ಐದು ಹೆಸರುಗಳನ್ನೂ ಓದಿ ಮುಗಿಸಿ, "ಯಾರು ಬಂದ್ರು, ಯಾರು ಹೋದ್ರವ್ವಾ?" ಎಂದು ಕೇಳಿದ.

ಕಾಶವ್ವ ಬೆರಳು ಮಡಚಿದಳು. "ಬಾಳಗೌಡನ ನಡುಕಿನ ಮಗನ ಲಗ್ನ ಆತು, ಹುಡುಗಿ ಶಾಂತವ್ವ ಅಂತ. ಹಿರೇ ಮಗಳ ಮನ್ಯಾಗ ಅವರ ಮಾವ ಹೋದರು." ಅವನು ಬರೆದುಕೊಂಡ. "ಮತ್ತ ನಮ್ಮ ತಂಗೆವ್ವನ ಮಗಳು ಗಂಗವ್ವ ಗಂಡು ಹಡದಾಳ."

ಅವನ ಬೆರಳು ನಿಂತಿತು. ಕಾಶವ್ವನ ಮುಖ ನೋಡಿದ. ಅದರಲ್ಲಿ ಮರುಳೂ ಇರಲಿಲ್ಲ, ಮರೆವೂ ಇರಲಿಲ್ಲ. ಬಾಳಗೌಡನ ಕಡೆ ತಿರುಗಿದ, ಅವನಾದರೂ ಕಣ್ಸನ್ನೆ ಮಾಡಿಯಾನೆಂದು.

"ಹೌದು, ಶ್ರಾವಣದಾಗ," ಎಂದ ಬಾಳಗೌಡ. "ನಾವೆಲ್ಲಾ ಹೋಗಿ ತೊಟ್ಲಿಗೆ ಹಾಕಿ ಬಂದ್ವಿ."

"ಎಲ್ಲಿಗೆ ಹೋಗಿದ್ರಿ ಗೌಡ್ರ?"

"ಎಲ್ಲಿಗೆ ಅಂದ್ರ? ಎರಿಹಾಳಕ್ಕ."

ಸೊಸೆಯಂದಿರು ಹೌದೆಂದು ತಲೆಯಾಡಿಸಿದರು. ಒಬ್ಬ ಮೊಮ್ಮಗಳು ಕೂಸಿನ ಕಿವಿ ಅಜ್ಜಿಯ ಕಿವಿಯ ಹಾಗೇ ಇದೆಯೆಂದಳು. ಇನ್ನೊಬ್ಬಳು, ಇಲ್ಲ, ತಂಗೆವ್ವ ಅತ್ತಿ ಕಿವಿ ಹಾಗಿದೆ ಎಂದಳು. ಇಬ್ಬರೂ ಅದಕ್ಕೇ ಜಗಳವಾಡಿದರು.

ಭರಮಪ್ಪ ಅಂಥ ಕೂಸಿಲ್ಲ ಎಂದು ಹೇಳಲು ಬಾಯಿ ತೆರೆದ. ಇದ್ದ ಹುಡುಗಿಯೊಬ್ಬಳಿಗೆ ಇದೇ ಕಟ್ಟೆಯ ಮೇಲೆ ಅದೇ ಮಾತು ಹೇಳಿದ ಬಾಯಿ ಅದು. ಎದುರಿಗೆ ಕಾಶವ್ವ ಕೈ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಅವನು ಬಾಯಿ ಮುಚ್ಚಿದ. ತಂಗೆವ್ವನ ಹೆಸರಿನ ಕೆಳಗೆ ಗಂಗವ್ವ ಎಂದು ಬರೆದು, ಅದರ ಕೆಳಗೆ ಹೊಸ ಸಾಲು ತೆರೆದು, ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಕೇಳಿದ:

"ಏನ್ ಹೆಸರಿಟ್ಟೀರವ್ವಾ?"